ಗಲ್ಫಿಗೆ ಮೊದಲು ಬೊಂಬಾಯಿ

ನಿಮ್ಮ ಮನೆಯಲ್ಲಿ ಗಲ್ಫಿನಲ್ಲಿ ದುಡಿದು ಬಂದ ಹಿರಿಯರಿದ್ದರೆ ಅವರ ಹಳೆಯ ಪಾಸ್‌ಪೋರ್ಟನ್ನು ಒಮ್ಮೆ ಹೊರಗೆ ತೆಗೆದು ನೋಡಿ. ದುಬೈ, ದಮ್ಮಾಮ್‌ಗಳ ಮುದ್ರೆಗಳನ್ನು ಆಮೇಲೆ ನೋಡುವಿರಂತೆ. ಮೊದಲು ಅದರಲ್ಲಿ ಇಸಿಎನ್‌ಆರ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿವೆಯಾ ಹುಡುಕಿ. ‘ವಲಸೆ ತಪಾಸಣೆ ಬೇಕಿಲ್ಲ’ ಎಂದು ಅದರ ಅರ್ಥ. ಆ ಅಕ್ಷರಗಳು ಇಲ್ಲದಿದ್ದರೆ, ನಿಮ್ಮ ಹಿರಿಯರು ಬೊಂಬಾಯಿಯಲ್ಲಿ ಎಷ್ಟು ದಿನ ಕಾದರು ಎಂದು ಅವರನ್ನೇ ಕೇಳಿ. ನಾವು ಗಲ್ಫಿನ ಕಥೆಯನ್ನು ಮರಳುಗಾಡಿನಿಂದ ಶುರು ಮಾಡುತ್ತೇವೆ. ಆದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಅದು ಶುರುವಾದದ್ದು ಬೊಂಬಾಯಿಯ ಸಾಲುಗಳಲ್ಲಿ.

ಒಂದು ಕಾಲದಲ್ಲಿ ಈ ಕಾಗದಪತ್ರಗಳು ಉಲ್ಟಾ ದಿಕ್ಕಿನಲ್ಲಿ ಓಡಾಡುತ್ತಿದ್ದವು ಅಂದರೆ ನಂಬುತ್ತೀರಾ? 1873ರವರೆಗೆ ಗಲ್ಫಿನ ಬ್ರಿಟಿಷ್ ರೆಸಿಡೆಂಟ್ ವರದಿ ಒಪ್ಪಿಸುತ್ತಿದ್ದದ್ದು ಬೊಂಬಾಯಿ ಸರಕಾರಕ್ಕೆ. ದುಬೈಯಲ್ಲಿ 1909ರಲ್ಲಿ ತೆರೆದ ಅಂಚೆ ಕಚೇರಿ ಭಾರತದ್ದು, ಅಲ್ಲಿ ಅಂಟಿಸುತ್ತಿದ್ದ ಸ್ಟ್ಯಾಂಪೂ ಭಾರತದ್ದೇ. ಅಲ್ಲಿನ ಅಂಗಡಿಗಳಲ್ಲಿ ನಮ್ಮ ರೂಪಾಯಿ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ನೋಟು ಅಚ್ಚು ಹಾಕಿತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಆ ನೋಟಿನ ಕಾಲವೂ ಮುಗಿಯುತ್ತಾ ಬಂತು.

ಆಗ ಹೋಗುವ ದಾರಿ ಕಡಲೇ. ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಬೊಂಬಾಯಿಯಿಂದ ಹೊರಟು ಗಲ್ಫಿನ ಬಂದರುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದವು. ಬಡವರಿಗೆ ಡೆಕ್ಕೇ ಗತಿ. 1961ರ ಏಪ್ರಿಲ್ 8ರಂದು ದುಬೈ ಸಮೀಪ ‘ದಾರಾ’ ಹಡಗಿನಲ್ಲಿ ಸ್ಫೋಟವಾಗಿ 238 ಮಂದಿ ಸತ್ತರು. ಈ ಸಾಲಿನ ಕೊನೆಯ ಹಡಗು ‘ದ್ವಾರಕಾ’ 1982ರವರೆಗೆ ಓಡಿತು. ಅಷ್ಟರಲ್ಲಿ ಜನ ವಿಮಾನ ಹತ್ತತೊಡಗಿದ್ದರು.

ಪಾಸ್‌ಪೋರ್ಟ್ ಎಂಬುದು ಹಕ್ಕು ಎಂದು ಈಗ ನಾವು ಸಲೀಸಾಗಿ ಹೇಳುತ್ತೇವೆ. 1967ರವರೆಗೆ ಅದು ಸರಕಾರದ ಕೃಪೆ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸತ್ವಂತ್ ಸಿಂಗ್ ಸಾಹನಿ ಎಂಬ ವ್ಯಾಪಾರಿ ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವ ಹಾಗಿಲ್ಲ ಎಂದು ಆ ವರ್ಷದ ಏಪ್ರಿಲ್‌ನಲ್ಲಿ ಕೋರ್ಟು ಹೇಳಿತು. ತೀರ್ಪು ಬಂದದ್ದು ಮೂರಕ್ಕೆ ಎರಡರ ಬಹುಮತದಲ್ಲಿ, ಅಂದರೆ ಕೂದಲೆಳೆಯಲ್ಲಿ. ಸರಕಾರ ಓಡೋಡಿ ಬಂದು ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಮಾಡಿತು.

ಆದರೆ ಕೂಲಿಗೆ ಹೋಗುವವನಿಗೆ ಪಾಸ್‌ಪೋರ್ಟ್ ಒಂದೇ ಸಾಕಾಗಲಿಲ್ಲ. ಇಲ್ಲಿಯೇ ಕಥೆ ತಿರುಗುವುದು. ಫಿಜಿ, ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಕರಾರು ಹಾಕಿಸಿ ಜನರನ್ನು ಸಾಗಿಸಿದ ಅನ್ಯಾಯ ನಿಂತ ಮೇಲೆ, ಮತ್ತೆ ಹಾಗಾಗಬಾರದು ಎಂದು 1922ರಲ್ಲಿ ವಲಸೆ ಕಾಯಿದೆ ಬಂತು. ಹೋಗುವವನ ಕಾಗದ ನೋಡಿ ಬಿಡಲು ‘ವಲಸಿಗರ ರಕ್ಷಕ’ ಎಂಬ ಅಧಿಕಾರಿ. ಉದ್ದೇಶ ಒಳ್ಳೆಯದೇ. 1973ರಲ್ಲಿ ಎಣ್ಣೆಯ ಬೆಲೆ ಏರಿ ಗಲ್ಫಿನಲ್ಲಿ ರಸ್ತೆ, ಬಂದರು, ಕಟ್ಟಡ ಏಳತೊಡಗಿದಾಗ, ತೋಟದ ಕೂಲಿಗಾಗಿ ಮಾಡಿದ ಆ ಕಾಯಿದೆಯೇ ನಮ್ಮ ಮೇಸ್ತ್ರಿ, ವೆಲ್ಡರ್, ಡ್ರೈವರುಗಳ ತಲೆಯ ಮೇಲೆ ಬಂತು. ಹೊಸ ಕಾಯಿದೆ ಜಾರಿಗೆ ಬಂದದ್ದು 1983ರ ಡಿಸೆಂಬರ್ 30ಕ್ಕೆ. ಅದರಲ್ಲೂ ರಕ್ಷಕ ಉಳಿದ.

ಈ ರಕ್ಷಕ ಯಾರ ತಪಾಸಣೆ ಮಾಡುತ್ತಿದ್ದ? ಪದವೀಧರನದ್ದಲ್ಲ, ಆದಾಯ ತೆರಿಗೆ ಕಟ್ಟುವವನದ್ದಲ್ಲ. ಅವರಿಗೆ ವಿನಾಯಿತಿ. ಮುಂದೆ ಹತ್ತನೇ ತರಗತಿ ಪಾಸಾದವರಿಗೂ ವಿನಾಯಿತಿ ಸಿಕ್ಕಿತು. ಅಂದರೆ ಎಸೆಸೆಲ್ಸಿಯಲ್ಲಿ ಗಣಿತ ಹೋದವನು ಮಾತ್ರ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಬ್ಯಾರಿಗಳಲ್ಲಿ ಆ ತಲೆಮಾರಿನ ಎಷ್ಟು ಮಂದಿ ಹತ್ತನೇ ಕ್ಲಾಸಿನ ಮುಖ ನೋಡಿದ್ದರು ಎಂದು ನಿಮಗೇ ಗೊತ್ತು.

ಕರ್ನಾಟಕದಲ್ಲಿ ಬಹುಕಾಲ ಈ ಕಚೇರಿ ಇರಲೇ ಇಲ್ಲ. ಬೊಂಬಾಯಿಯದ್ದು ಎಷ್ಟೋ ವರ್ಷ ಸಾಂತಾಕ್ರೂಜ್ ಪಶ್ಚಿಮದಲ್ಲಿ, ಎಸ್.ವಿ. ರೋಡಿನ ಖೀರಾ ನಗರದಲ್ಲಿತ್ತು. ಊರಿನಿಂದ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಹೋಗಬೇಕು, ಕೊಂಕಣ ರೈಲು ಬಂದದ್ದೇ 1998ರಲ್ಲಿ. ಉಳಿದುಕೊಳ್ಳಲು ಡೊಂಗ್ರಿ, ಮಸ್ಜಿದ್ ಬಂದರ್ ಕಡೆ ಊರಿನವರ ಕೋಣೆ. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ, ಪಾಳಿಯಲ್ಲಿ ನಿದ್ದೆ. ಬೆಳಿಗ್ಗೆ ಒಬ್ಬ ಮೆಡಿಕಲ್‌ಗೆ, ಒಬ್ಬ ಕಫ್ ಪರೇಡಿನ ಕಾನ್ಸುಲೇಟಿಗೆ, ಇನ್ನೊಬ್ಬ ಕುರ್ಲಾದಲ್ಲಿ ಟ್ರೇಡ್ ಟೆಸ್ಟಿಗೆ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕಲೆಯೊಂದು ಕಂಡರೆ ಮಾಡಿದ ಸಾಲವೆಲ್ಲ ನೀರಿಗೆ ಬಿತ್ತು.

ಮತ್ತೆ ಹೆಸರಿನ ರಗಳೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ನಮ್ಮದೇ ರಗಳೆ. ರೇಷನ್ ಕಾರ್ಡಿನಲ್ಲಿ ಮೊಯ್ದಿನ್, ಶಾಲೆಯಲ್ಲಿ ಮೊಹಿದ್ದೀನ್, ಪಾಸ್‌ಪೋರ್ಟಿನಲ್ಲಿ ಮುಹಿಯುದ್ದೀನ್. ಮನೆತನದ ಹೆಸರು ಎಂಬ ಖಾನೆಯಲ್ಲಿ ಏನು ಬರೆಯುವುದು? ಬಾಪನ ಹೆಸರು ಬರೆದರೆ ಅರಬಿಯ ಕಚೇರಿಯಲ್ಲಿ ಎಲ್ಲರೂ ಬಾಪನ ಹೆಸರಿನಲ್ಲೇ ಕರೆಯುತ್ತಾರೆ. ಹುಟ್ಟಿದ ತಾರೀಕು ಜೂನ್ 1, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು. ಹೆಂಡತಿಯನ್ನು ಕರೆಸಿಕೊಳ್ಳಬೇಕೆಂದರೆ ಜಮಾಅತಿನ ನಿಕಾಹ್ ಪುಸ್ತಕದ ನಕಲು ಇಂಗ್ಲಿಷಿಗಾಗಬೇಕು, ನೋಟರಿ ಆಗಬೇಕು, ರಾಜ್ಯದ ಮುದ್ರೆ, ವಿದೇಶಾಂಗ ಇಲಾಖೆಯ ಮುದ್ರೆ, ಕೊನೆಗೆ ಕಾನ್ಸುಲೇಟಿನ ಮುದ್ರೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಪುನಃ ಮೊದಲಿನಿಂದ. ನಿಕಾಹ್ ಬರೆಯುವ ಉಸ್ತಾದರು ಹೆಸರನ್ನು ಪಾಸ್‌ಪೋರ್ಟ್ ನೋಡಿ ಬರೆಯಬೇಕು ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುವುದುಂಟು. ಕೆಲವರು ನಗುತ್ತಾರೆ.

ಈ ಸುತ್ತಾಟ ಗೊತ್ತಿಲ್ಲದವನಿಗೆ ಏಜೆಂಟನೇ ಕಣ್ಣು. ಎಲ್ಲರೂ ಮೋಸಗಾರರಲ್ಲ, ಊರಿನವನ ಪೈಸೆ ಮುಟ್ಟದೆ ಕಾಗದ ಮಾಡಿಸಿಕೊಟ್ಟವರೂ ಇದ್ದರು. ಆದರೆ ತಪಾಸಣೆ ತಪ್ಪಿಸಿ ವಿಮಾನ ಹತ್ತಿಸುವುದಕ್ಕೆ ‘ಪುಶಿಂಗ್’ ಎಂಬ ಹೆಸರೇ ಇತ್ತು, ಅದಕ್ಕೊಂದು ದರವೂ ಇತ್ತು. ರಕ್ಷಣೆಗೆಂದು ಹುಟ್ಟಿದ ಮುದ್ರೆಯನ್ನು ಬಡವ ದುಡ್ಡು ಕೊಟ್ಟು ದಾಟಬೇಕಾಯಿತು. ಹಾಗೆ ದಾಟಿದವನು ಅಲ್ಲಿ ಇಳಿದಾಗ ಕರಾರು ಬೇರೆಯಾಗಿದ್ದರೆ, ಎಲೆಕ್ಟ್ರಿಷಿಯನ್ ಎಂದು ಹೋದವನ ಕೈಗೆ ಪೊರಕೆ ಕೊಟ್ಟರೆ, ತೋರಿಸಲು ಅವನ ಬಳಿ ಏನೂ ಇರುತ್ತಿರಲಿಲ್ಲ. ಅವನು ಹೊರಟದ್ದೇ ಸರಕಾರದ ಪುಸ್ತಕದಲ್ಲಿ ದಾಖಲಾಗಿರಲಿಲ್ಲವಲ್ಲ.

2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಹಾರಿತು. ಬೊಂಬಾಯಿಯ ಕೋಣೆಗಳು ಖಾಲಿಯಾಗುತ್ತಾ ಬಂದವು. 2007ರಿಂದ ಮುದ್ರೆಯ ಲೆಕ್ಕವೂ ತಿರುಗುಮುರುಗಾಯಿತು. ಈಗ ಪಾಸ್‌ಪೋರ್ಟಿನಲ್ಲಿ ಏನೂ ಬರೆದಿಲ್ಲ ಅಂದರೆ ತಪಾಸಣೆ ಇಲ್ಲ, ಇಸಿಆರ್ ಎಂದು ಅಚ್ಚಾಗಿದ್ದರೆ ಉಂಟು. ಖೀರಾ ನಗರದ ಸಾಲಿನ ಬದಲು ಈಗ ‘ಇ-ಮೈಗ್ರೇಟ್’ ಎಂಬ ಜಾಲತಾಣ ಬಂದಿದೆ. ಏಜೆಂಟನ ನೋಂದಣಿ ಸಂಖ್ಯೆ ನಿಜವೋ ಸುಳ್ಳೋ ಎಂದು ಅದರಲ್ಲಿ ನೀವೇ ನೋಡಬಹುದು. ಈಗಿನ ನಿಯಮದಂತೆ ಅವನು ನಿಮ್ಮಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಪಡೆಯುವ ಹಾಗಿಲ್ಲ, ರಶೀದಿ ಕೊಡಲೇಬೇಕು.

ಪುಶಿಂಗ್ ಮಾತ್ರ ಸತ್ತಿಲ್ಲ, ವೇಷ ಬದಲಿಸಿದೆ. ಈಗ ಅದರ ಹೆಸರು ವಿಸಿಟ್ ವೀಸಾ. ‘ಹೋಗಿ ಇಳಿ, ಅಲ್ಲಿ ಕೆಲಸದ ವೀಸಾಕ್ಕೆ ಬದಲಿಸೋಣ’ ಅನ್ನುತ್ತಾರೆ. ಹಾಗೆ ಹೋದ ಇಸಿಆರ್ ಹುಡುಗನಿಗೆ ಕ್ಲಿಯರೆನ್ಸ್ ಇಲ್ಲ, 2003ರಲ್ಲಿ ಶುರುವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಇಲ್ಲ, ಸಹಿ ಹಾಕಿದ ಕರಾರೂ ಇಲ್ಲ. ನಿಮ್ಮ ಬೀದಿಯ ಹುಡುಗ ಯಾರಾದರೂ ಈ ತಿಂಗಳು ಹೊರಟಿದ್ದರೆ ಅವನ ಪಾಸ್‌ಪೋರ್ಟ್ ಕೇಳಿ ತೆಗೆದುಕೊಂಡು ಆ ಮೂರಕ್ಷರ ಇದೆಯಾ ನೋಡಿ. ಇದ್ದರೆ, ವೀಸಾ ಯಾವುದು ಎಂದು ಅವನು ಟಿಕೆಟ್ ಮಾಡಿಸುವ ಮೊದಲೇ ಕೇಳಿ.