ಮಡಚುವ ಸೈಕಲ್: ಕೊಳ್ಳುವ ಮುನ್ನ

ಮಡಚುವ ಸೈಕಲನ್ನು ಏರಿ ನೋಡುವ ಮೊದಲು ಎತ್ತಿ ನೋಡಬೇಕು. ಕಾಸರಗೋಡಿನಿಂದ ಮಂಗಳೂರಿಗೆ ನಿತ್ಯ ರೈಲಿನಲ್ಲಿ ಹೋಗುವವರು ಅದನ್ನು ನಿಲ್ದಾಣದ ಮೆಟ್ಟಿಲುಗಳಲ್ಲಿ ಹೊರಬೇಕಾಗುತ್ತದೆ. ತೂಕ 12 ಕಿಲೋ ಮೀರಿದರೆ ತೋಳಿಗೆ ಶಿಕ್ಷೆಯೇ ಸರಿ. ಆಂಡ್ರ್ಯೂ ರಿಚಿ 1970ರ ದಶಕದಲ್ಲಿ ಲಂಡನ್ನಿನಲ್ಲಿ ರೂಪಿಸಿದ ಬ್ರಾಂಪ್ಟನ್ 16 ಇಂಚು ಚಕ್ರದ್ದು. ಅತಿ ಚಿಕ್ಕದಾಗಿ ಮಡಚಿಕೊಳ್ಳುತ್ತದೆ. ಆದರೆ ಅದರ 349 ಮಿ.ಮೀ. ರಿಮ್ಮಿಗೆ ಹೊಂದುವ ಟಯರು ಊರಿನ ಅಂಗಡಿಗಳಲ್ಲಿ ದುರ್ಲಭ. 20 ಇಂಚಿನ ಮಾದರಿಗಳು ಮಡಚಿದಾಗ ತುಸು ದೊಡ್ಡವು. ಆದರೂ 406 ಮಿ.ಮೀ. ರಿಮ್ಮಿನದಾದರೆ ಮಕ್ಕಳ ಸೈಕಲ್ಲಿನ ಟಯರೇ ಸಾಕು, ಹೊಂಡದ ರಸ್ತೆಯಲ್ಲಿ ಸ್ಥಿರತೆಯೂ ಹೆಚ್ಚು. ನಮ್ಮ ಗಡಿನಾಡಿಗೆ ಇದೇ ಲೇಸು. ಕೀಲನ್ನು ಬಿಗಿದು, ಮುಂದಿನ ಬ್ರೇಕ್ ಹಿಡಿದು ಹಿಂದೆಮುಂದೆ ಅಲುಗಿಸಿರಿ. ಕೀಲು ಸಡಿಲವೆನಿಸಿದರೆ ಕೊಳ್ಳಬಾರದು. ಬೇಕಲದ ಕಡಲತಡಿಯ ವಿಹಾರಕ್ಕೆ ಒಂದೇ ಗೇರ್ ಸಾಲುತ್ತದೆ. ಬದಿಯಡ್ಕದ ಏರುದಾರಿಗೆ 6 ಆದರೂ ಇರಲಿ.