ಡೇಸಿಯಸನ ಆಜ್ಞೆ ಮತ್ತು ಆದಿ ಕ್ರೈಸ್ತಸಭೆ

ಆದಿ ಕ್ರೈಸ್ತಸಭೆಯ ವಿಶ್ವಾಸಿಗಳ ಸಂಕಷ್ಟವೆಂದೊಡನೆ ರಕ್ತಸಾಕ್ಷಿಗಳ ಚರಿತ್ರೆಯೇ ನೆನಪಾಗುತ್ತದೆ. ಸಾಮಾನ್ಯರಿಗಾದರೋ ಪರೀಕ್ಷೆ ಒದಗಿದ್ದು ಪಪೈರಸ್ಸಿನ ಒಂದು ತುಂಡಿನ ರೂಪದಲ್ಲಿ. ಕ್ರಿ.ಶ. 249ರಲ್ಲಿ ಪಟ್ಟವೇರಿದ ರೋಮನ್ ಚಕ್ರವರ್ತಿ ಡೇಸಿಯಸನು ಪ್ರಜೆಗಳು ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞಾಪಿಸಿದನು. ಅಧಿಕಾರಿಗಳ ಸಮಕ್ಷಮದಲ್ಲಿ ಪಾನನೈವೇದ್ಯ ಎರೆದು, ಬಲಿಯ ಪ್ರಸಾದವನ್ನು ಸವಿದವರಿಗೆ ಪ್ರಮಾಣಪತ್ರ ದೊರೆಯುತ್ತಿತ್ತು. ಈಜಿಪ್ಟಿನಲ್ಲಿ ಇಂತಹ 40ಕ್ಕೂ ಹೆಚ್ಚು ಪತ್ರಗಳು ಉಪಲಬ್ಧವಾಗಿವೆ. ಅವುಗಳಲ್ಲೊಂದು ಮೊಸಳೆದೇವತೆಯ ಅರ್ಚಕಿಯದು! ಆಜ್ಞೆಯು ಕ್ರೈಸ್ತರೊಬ್ಬರನ್ನೇ ಉದ್ದೇಶಿಸಿರಲಿಲ್ಲವೆಂಬುದಕ್ಕೆ ಇದು ಪ್ರಬಲ ಆಧಾರ.

ಕಾರ್ಥೇಜಿನಲ್ಲಿ ಅನೇಕರು ಒತ್ತಾಯಕ್ಕೂ ಮೊದಲೇ ಬಲಿಪೀಠಕ್ಕೆ ಧಾವಿಸಿದರೆಂದು ಬಿಷಪ್ ಸಿಪ್ರಿಯನ್ ನೊಂದು ಬರೆದಿದ್ದಾನೆ. ಆಸ್ತಿಯ ಮೋಹವೇ ಕಾರಣವೆಂಬುದು ಅವನ ಆರೋಪ. ಸ್ವತಃ ಅಜ್ಞಾತವಾಸದಲ್ಲಿದ್ದವನ ಈ ಮಾತು ತುಸು ಕಠಿಣವೇ ಸರಿ. ಕೆಲವರು ಬಲಿ ನೀಡದೆ ಹಣ ತೆತ್ತು ಪತ್ರ ಪಡೆದರು. ಮಡದಿಮಕ್ಕಳನ್ನು ಉಳಿಸಲು ತಾನೊಬ್ಬನೇ ಬಲಿಯರ್ಪಿಸಿದ ಗೃಹಸ್ಥನ ವಿಚಾರವನ್ನೂ ಸಿಪ್ರಿಯನ್ನನೇ ಮುಂದೆ ಅನುಕಂಪದಿಂದ ಎತ್ತುತ್ತಾನೆ. ಇವರೆಲ್ಲರೂ ಸಭೆಗೆ ಮರಳಬಹುದೇ? ರೋಮಿನ ನೊವೇಶಿಯನ್ ಕೂಡದೆಂದನು. 251ರ ಕಾರ್ಥೇಜ್ ಸಭೆಯು, ಪತ್ರ ಮಾತ್ರ ಪಡೆದವರನ್ನು ವಿಚಾರಣೆಯ ನಂತರ ಸೇರಿಸಿಕೊಳ್ಳಲು ಒಪ್ಪಿತು. ಬಲಿ ನೀಡಿದವರಿಗೆ ಮರಣಶಯ್ಯೆಯಲ್ಲಷ್ಟೇ ಕ್ಷಮೆ. ಒಂದೆರಡು ವರ್ಷಗಳಲ್ಲಿ ಮತ್ತೊಂದು ಹಿಂಸೆಯ ಭೀತಿ ಕವಿದಾಗ, ಪಶ್ಚಾತ್ತಾಪದಲ್ಲಿದ್ದ ಅವರಿಗೂ ಬಾಗಿಲು ತೆರೆಯಿತು.