ಶರಣರ ಮಗ್ಗ: ನೇಯ್ಗೆಯ ಸೃಷ್ಟಿಗುಣವನ್ನು ಕುರಿತು

ಮೋಕ, ಸಿರುಗುಪ್ಪ, ಕುರುಗೋಡುಗಳ ಸೀಮೆ ಎರೆಯ ನಾಡು. ತುಂಗಭದ್ರೆಯ ಕಾಲುವೆ ಬರುವ ಮುನ್ನ ಈ ಕರಿಯ ನೆಲದಲ್ಲಿ ಜೋಳದೊಡನೆ ಹತ್ತಿ ಮುಖ್ಯ ಬೆಳೆಯಾಗಿತ್ತು. ಹಗರಿಯಲ್ಲಿ 1906ರಷ್ಟು ಹಿಂದೆಯೇ ಕೃಷಿ ಸಂಶೋಧನ ಕೇಂದ್ರವೊಂದು ಸ್ಥಾಪಿತವಾಯಿತು. ಹೀಗೆ ಹತ್ತಿಯನ್ನು ಬಲ್ಲ ನಾಡಿನಲ್ಲಿಯೂ ಹತ್ತಿ ಬಟ್ಟೆಯಾಗುವ ಬಗೆಯನ್ನು ಬಲ್ಲವರು ಇಂದು ವಿರಳ. ಈ ಮರವೆಯಿಂದ ನಷ್ಟವಾಗಿರುವುದು ನೇಕಾರನಿಗೆ ಮಾತ್ರವಲ್ಲ, ವಚನಗಳನ್ನು ಓದುವ ನಮಗೂ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬಸವಣ್ಣನವರಿಗಿಂತ ಹಿಂದಿನವರಾದ ಜೇಡರ ದಾಸಿಮಯ್ಯನವರು ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವರು. 'ರಾಮನಾಥ' ಅವರ ಅಂಕಿತ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೇ ಇಬ್ಬರೇ ಎಂಬ ವಿದ್ವಾಂಸರ ಚರ್ಚೆ ಇಲ್ಲಿ ಅಪ್ರಸ್ತುತ. ಅವರ ವಚನವೊಂದು ಉಂಕೆಯನ್ನು ಸಿದ್ಧಗೊಳಿಸುವುದರಿಂದ ತೊಡಗಿ ಲಾಳಿ, ಕಂಡಿಕೆಗಳವರೆಗೆ ನೇಯ್ಗೆಯ ಕ್ರಮವನ್ನೇ ಹೇಳಿ, ಈ ಸೀರೆಯ ನಿಜವಾದ ಕರ್ತೃ ಯಾರೆಂದು ದೇವರನ್ನೇ ಕೇಳುತ್ತದೆ. ಉಂಕೆಯೆಂದರೆ ನೇಯ್ಗೆಗೆ ಅಣಿಗೊಳಿಸಿದ ಹಾಸಿನ ನೂಲು. ಕಂಡಿಕೆಯೆಂದರೆ ಹೊಕ್ಕಿನ ನೂಲನ್ನು ಸುತ್ತಿದ ಸುರುಳಿ. ಅದು ಲಾಳಿಯೊಳಗಿನ ಮುಳ್ಳಿನ ಮೇಲೆ ಕೂರುತ್ತದೆ. ಲಾಳಿ ಅತ್ತಿತ್ತ ಓಡಿದಂತೆಲ್ಲ ಕಂಡಿಕೆ ಕರಗಿ, ಕಡೆಗೆ ಮುಳ್ಳು ಮಾತ್ರ ಉಳಿಯುತ್ತದೆ. ಮಗ್ಗವನ್ನು ಕಾಣದವನಿಗೆ ಇದು ಬರಿಯ ಬೆಡಗು. ಕಂಡವನಿಗೆ ಇದು ದಿನನಿತ್ಯದ ನೋಟ: ಸುರುಳಿ ಬರಿದಾದಂತೆ ಬಟ್ಟೆ ಬೆಳೆಯುತ್ತದೆ. 'ನಾನು' ಕರಗಿದಲ್ಲಿ ಕೃತಿ ಮೂಡುತ್ತದೆಂಬ ಅರ್ಥ ಈ ನೋಟದಿಂದಲೇ ಹೊರಟಿದೆಯೆಂದು ನಮ್ಮ ಅಭಿಪ್ರಾಯ.

ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ರಾಟೆಯ ಒಂದೊಂದು ಅಂಗದಲ್ಲಿಯೂ ಒಂದೊಂದು ತತ್ತ್ವವನ್ನು ಕಾಣುತ್ತಾಳೆ. ಕದಿರು ಆಕೆಯ ಅಂಕಿತದಲ್ಲಿಯೇ ಸೇರಿಕೊಂಡಿದೆ. ಅಮುಗೆ ರಾಯಮ್ಮನದೂ ನೇಯ್ಗೆಯ ಮನೆತನ. ಇವರಿಗೆ ಉಪಕರಣವು ಅಲಂಕಾರಕ್ಕಾಗಿ ತಂದ ಉಪಮೆಯಲ್ಲ, ಕೈಯಲ್ಲಿ ಹಿಡಿದು ಆಲೋಚಿಸಿದ ವಸ್ತು.

ಹಾಗಾದರೆ ನೇಯ್ಗೆ ಕೇವಲ ಶ್ರಮವೋ, ಸೃಷ್ಟಿಯೋ? ಇಳಕಲ್ಲಿನ ಸೀರೆ ಇದಕ್ಕೆ ಉತ್ತರ ಹೇಳುತ್ತದೆ. ಅದರ ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿ, ಸೆರಗಿನದು ರೇಷ್ಮೆ. ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಹೀಗಾಗಿ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಥಾನುಗಟ್ಟಲೆ ನೇಯ್ದು ಕತ್ತರಿಸುವ ಅನುಕೂಲ ಇಲ್ಲಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು ಮೂಡುತ್ತವೆ. ಅಂಚಿಗೆ ಗೋಮಿ, ಚಿಕ್ಕಿ ಪರಾಸ್, ಗಾಡಿ ಎಂಬ ಭೇದಗಳುಂಟು. ಈ ಚೌಕಟ್ಟು ಪರಂಪರೆಯದು. ಬಣ್ಣಗಳ ಹೊಂದಿಕೆ, ಎಳೆಯ ಬಿಗಿ, ಹಣಿಗೆಯ ಪೆಟ್ಟಿನ ಹದ ನೇಕಾರನವು. ವಚನಕಾರರೂ ಸಮಾನವಾದ ಅಂಕಿತಪದ್ಧತಿಯೊಳಗೆ ತಮ್ಮ ತಮ್ಮ ದನಿಯನ್ನು ಉಳಿಸಿಕೊಂಡರಲ್ಲವೆ?

ಈ ಕಲೆಗೆ ಪೆಟ್ಟು ಬಿದ್ದ ಬಗೆ ಸುವಿದಿತ. ಇಂಗ್ಲೆಂಡಿನಲ್ಲಿ 1733ರಲ್ಲಿ ಹಾರುಲಾಳಿ ಬಂದಿತು. ಅನಂತರ ನೂಲುವ, ನೇಯುವ ಯಂತ್ರಗಳು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಹತ್ತಿ ಹೊರಗೆ ಹೋಗಿ, ಗಿರಣಿಯ ಅಗ್ಗದ ಬಟ್ಟೆ ಒಳಗೆ ಬಂದಿತು. ಸ್ವಾತಂತ್ರ್ಯಾನಂತರ ಆಸರೆಯ ಯತ್ನಗಳೂ ನಡೆದವು: 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು, 1985ರ ಕೇಂದ್ರ ಶಾಸನ ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಆರಂಭದಲ್ಲಿ ಅವು 22. ಮುಂದೆ 11ಕ್ಕೆ ಇಳಿದವು. ಬಳ್ಳಾರಿಯಾದರೋ ಇಂದು ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾಗಿದೆ. ಅದು ಅನೇಕರಿಗೆ ಅನ್ನ ಕೊಡುವ ಉದ್ಯಮವಾದ್ದರಿಂದ ಹಳಿಯತಕ್ಕದ್ದಲ್ಲ. ಆದರೆ ಹೊಲಿಗೆ ನೇಯ್ಗೆಯಲ್ಲ.

ದಾಸಿಮಯ್ಯನವರು ನೇಯ್ದ ವಸ್ತ್ರವನ್ನು ಜಂಗಮವೇಷದ ಶಿವನು ಹರಿದುಹಾಕಿದರೂ ಅವರು ಕೋಪಗೊಳ್ಳದೆ, ತವನಿಧಿಯನ್ನು ಪಡೆದರೆಂದು ಪುರಾಣ ಹೇಳುತ್ತದೆ. ಹರಿದ ವಸ್ತ್ರಕ್ಕೆ ಕೋಪಿಸದಿರುವುದು ಶರಣನ ಗುಣವಾಗಿರಬಹುದು. ಮಗ್ಗವೇ ಮೂಲೆಗೆ ಸೇರುತ್ತಿರುವಾಗ ಸುಮ್ಮನಿರುವುದು ನಮಗೆ ಶೋಭಿಸದು. ಮಗ್ಗ ನಿಂತ ಊರಿನಲ್ಲಿ ಉಂಕೆ, ಕಂಡಿಕೆಗಳು ನಿಘಂಟಿನ ಮಾತುಗಳಾಗುತ್ತವೆ. ವಚನವು ಟಿಪ್ಪಣಿಯ ಊರುಗೋಲು ಹಿಡಿದು ನಡೆಯಬೇಕಾಗುತ್ತದೆ. ಆದ್ದರಿಂದ ವಚನಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆಯಾದರೂ ಇಳಕಲ್ಲಿನದೋ, ಬಳ್ಳಾರಿಗೆ ಸಮೀಪದ ಮೊಳಕಾಲ್ಮೂರಿನದೋ ಮಗ್ಗದ ಮುಂದೆ ಕುಳಿತು, ಲಾಳಿಯ ಓಟವನ್ನು ಕಣ್ಣಾರೆ ಕಂಡು, ಆಮೇಲೆ ಆ ವಚನವನ್ನು ತೆರೆದು ಓದಲಿ.